ಹುಲಿಗಿಯಲ್ಲಿ ದನಿ ನಿಂತಾಗ: ವಾಲ್ವ್ ರೇಡಿಯೊದಿಂದ ಲ್ಯಾಪ್‌ಟಾಪಿನ ವಾರಂಟಿವರೆಗೆ

ಹುಣ್ಣಿಮೆ ದಿನ ಹುಲಿಗಿಗೆ ಬಂದವರಿಗೆ ಗೊತ್ತಿರುತ್ತದೆ, ಅಲ್ಲಿ ಸದ್ದಿಗೆ ಬರ ಇಲ್ಲ. ಚೌಡಿಕೆ ಮೇಳ, ಕಾಯಿ-ಕರ್ಪೂರದ ಅಂಗಡಿಯವರ ಕೂಗು, ಮೈಕಿನಲ್ಲಿ ತಪ್ಪಿಸಿಕೊಂಡ ಮಕ್ಕಳ ಹೆಸರು, ಹೊಳೆ ಕಡೆ ಹೋಗುವ ಆಟೋಗಳ ಹಾರ್ನು. ಅಂಥ ಒಂದು ದಿನ ಗುಡಿ ಹತ್ತಿರದ ಚಹಾದಂಗಡಿಯಲ್ಲಿ ಕೂತು ಸುದ್ದಿ ಕಳಿಸುತ್ತಿದ್ದಾಗ ನನ್ನ ಲ್ಯಾಪ್‌ಟಾಪು ಮೂಕಾಯಿತು. ಚಿತ್ರ ಓಡುತ್ತಿದೆ, ಸೌಂಡಿನ ಗೆರೆ ಮೇಲೆ ಕೆಳಗೆ ಕುಣಿಯುತ್ತಿದೆ, ಸ್ಪೀಕರಿನಿಂದ ಮಾತ್ರ ಒಂದು ಉಸಿರೂ ಇಲ್ಲ.

ನಾನು ಸುದ್ದಿಗೆ ಇಷ್ಟು ಎಂದು ಎಣಿಸಿ ಕೊಡುವ ಪತ್ರಿಕೆಯ ವರದಿಗಾರ. ಲ್ಯಾಪ್‌ಟಾಪು ಕಂತಿನದು, ತೆಗೆದುಕೊಂಡು 11 ತಿಂಗಳಾಗಿತ್ತು. ಒಂದು ವರ್ಷದ ವಾರಂಟಿಯಲ್ಲಿ ಉಳಿದಿದ್ದು 23 ದಿನ. ಅದರೊಳಗೆ ಬಾಕಿ ಕೂಲಿಯ ಬಗ್ಗೆ ಮಾತಾಡಿದ ಹನ್ನೊಂದು ಹೆಂಗಸರ ದನಿ ಇತ್ತು. ಹೆಸರು ಹೊರಗೆ ಬರಬಾರದು ಎಂದು ಮಾತು ತೆಗೆದುಕೊಂಡು ಅವರು ಮಾತಾಡಿದ್ದರು. ಸೌಂಡ್ ಇಲ್ಲದೆ ಅದನ್ನು ಕೇಳಿ ಬರೆಯುವಂತಿಲ್ಲ. ರಿಪೇರಿಗೆ ಕೊಟ್ಟರೆ ಅದೆಲ್ಲ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ.

ಎಲ್ಲರೂ ಮಾಡುವುದನ್ನು ಮಾಡಿದೆ. ವಾಲ್ಯೂಮ್ ನೋಡಿದೆ, ಮ್ಯೂಟ್ ಕೀಲಿ ಒತ್ತಿದೆ, ಸೌಂಡು ಬೇರೆ ಕಡೆ, ಅಂದರೆ ಬ್ಲೂಟೂತ್ ಅಥವಾ ಎಚ್‌ಡಿಎಂಐ ತಂತಿ ಕಡೆ ಹೋಗಿದೆಯೇ ನೋಡಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕಂಪನಿಯ ಸಹಾಯವಾಣಿಯ ಹುಡುಗಿ ಬಹಳ ಮರ್ಯಾದೆಯಿಂದ, 'ಸರ್, ಇದು ಸಾಫ್ಟ್‌ವೇರ್ ಸಮಸ್ಯೆ, ಪೂರ್ತಿ ರೀಸೆಟ್ ಮಾಡಿ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ?' ಎಂದಳು. ಆಗದಿದ್ದರೆ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ತರಬೇಕು, ಪಾಸ್‌ವರ್ಡ್ ಕೊಡಬೇಕು ಎಂದೂ ಹೇಳಿದಳು.

ಎರಡಕ್ಕೂ ಒಪ್ಪದೆ ಮುನಿರಾಬಾದಿನ ಒಬ್ಬ ಹಳೆಯ ರೇಡಿಯೊ ಮೆಕ್ಯಾನಿಕರ ಹತ್ತಿರ ಹೋದೆ. ಎಪ್ಪತ್ತು ದಾಟಿದವರು. ಈಗ ಅವರ ಅಂಗಡಿಯಲ್ಲಿ ಮಿಕ್ಸರು, ಮೋಟಾರಿನ ಸ್ಟಾರ್ಟರು, ಮೊಬೈಲ್ ಚಾರ್ಜರು. ಮೇಲಿನ ಹಲಗೆಯಲ್ಲಿ ಮಾತ್ರ ಮೂರು ರೇಡಿಯೊ ಪೆಟ್ಟಿಗೆಗಳು ಧೂಳು ಹಿಡಿದು ಕೂತಿವೆ. ಕೇಳಿದ ಮೊದಲ ಮಾತೇ, 'ತಮ್ಮಾ, ಇಯರ್‌ಫೋನ್ ಹಾಕಿದ್ರ ಬರತೈತೇನು?' ಹಾಕಿ ನೋಡಿದೆ. ಒಂದು ಕಿವಿಗೆ ಕರಕರ ಎಂದು ಬಂತು. ಆಮೇಲೆ ಡ್ರಾಯರಿನಿಂದ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದು ಚುಚ್ಚಿದರು. ಅದರಲ್ಲಿ ಸ್ವಚ್ಛವಾಗಿ ಬಂತು. 'ಸಾಫ್ಟ್‌ವೇರ್ ಸುದ್ದಿ ಬಿಡು. ಹಾಡು ಹೊರಗ ಬರಾಕ ತಯಾರೈತಿ, ಬಾಗಲಾ ಕೆಟ್ಟೈತಿ.'

ಆ ಉಪಾಯ ಅವರು ಲ್ಯಾಪ್‌ಟಾಪಿಗೆಂದು ಕಲಿತದ್ದಲ್ಲ. ಅದರ ಜಾಡು ಹಿಡಿದು ಹೋದಾಗ ನಮ್ಮ ಸೀಮೆಯ ಇನ್ನೊಂದು ಇತಿಹಾಸ ಸಿಕ್ಕಿತು. ಊರಿಗೆ ದನಿ ಹೇಗೆ ಬಂತು ಎಂಬುದನ್ನು ಬರೆದವರಿದ್ದಾರೆ. ಬಂದ ದನಿ ಕೆಟ್ಟು ನಿಂತಾಗ ಯಾರು ಯಾರ ಬಾಗಿಲಿಗೆ ಹೋಗಬೇಕಿತ್ತು ಎಂಬುದನ್ನು ಬರೆದವರು ಕಡಿಮೆ.

ಇಲ್ಲಿ ಆ ಪ್ರಶ್ನೆಗೆ ಮೊದಲಿನಿಂದಲೂ ಒಂದು ಹೊಳೆ ಅಡ್ಡ ಇತ್ತು. ತುಂಗಭದ್ರೆಯ ಈಚೆ ದಂಡೆ, ಅಂದರೆ ಹುಲಿಗಿ, ಮುನಿರಾಬಾದು, ಕೊಪ್ಪಳ, ನಿಜಾಮರ ಹೈದರಾಬಾದ್ ಸಂಸ್ಥಾನ. ಕೊಪ್ಪಳ ಸಾಲಾರ್‌ಜಂಗರ ಜಹಗೀರು. ಆಚೆ ದಂಡೆಯ ಹೊಸಪೇಟೆ ಬ್ರಿಟಿಷರ ಮದ್ರಾಸು ಪ್ರಾಂತ್ಯ. 1930ರ ದಶಕದಲ್ಲಿ ಹೈದರಾಬಾದಿನಲ್ಲಿ ಖಾಸಗಿಯಾಗಿ ಶುರುವಾದ ರೇಡಿಯೊ ನಿಲಯವನ್ನು 1935ರಲ್ಲಿ ನಿಜಾಮ್ ಸರ್ಕಾರ ವಹಿಸಿಕೊಂಡಿತು. ಅದೇ ಡೆಕ್ಕನ್ ರೇಡಿಯೊ. ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದ್ದು ಎಲ್ಲರಿಗೂ ಗೊತ್ತು, 'ಆಕಾಶವಾಣಿ' ಎಂಬ ಹೆಸರು ಬಂದದ್ದೇ ಅಲ್ಲಿಂದ. ಡೆಕ್ಕನ್ ರೇಡಿಯೊದ ಮುಖ್ಯ ಭಾಷೆ ಉರ್ದು, ಜೊತೆಗೆ ತೆಲುಗು, ಮರಾಠಿ, ಕನ್ನಡಕ್ಕೆ ಸ್ವಲ್ಪ ಸ್ವಲ್ಪ ಹೊತ್ತು. ನಮ್ಮ ಕಡೆ ಆಗ ರೇಡಿಯೊ ಇದ್ದರೆ ಜಹಗೀರಿನ ಅಧಿಕಾರಿಗಳ ಮನೆಯಲ್ಲಿ, ದೊಡ್ಡ ಸಾಹುಕಾರರ ವಾಡೆಯಲ್ಲಿ ಅಷ್ಟೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1950ರಲ್ಲಿ ಡೆಕ್ಕನ್ ರೇಡಿಯೊ ಆಲ್ ಇಂಡಿಯಾ ರೇಡಿಯೊಕ್ಕೆ ಸೇರಿತು. ಅದೇ ವರ್ಷ ಜನವರಿ 8ಕ್ಕೆ ಧಾರವಾಡ ನಿಲಯ ಶುರುವಾಯಿತು. ನಮ್ಮ ಜನಕ್ಕೆ ರೇಡಿಯೊ ಎಂದರೆ ಧಾರವಾಡವೇ ಆದದ್ದು ಆಮೇಲೆ. 1953ರಲ್ಲಿ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಬಂತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯೊಂದಿಗೆ ನಾವು ಬಂದೆವು. ಹೊಳೆಯ ಎರಡು ದಂಡೆಯೂ ಒಂದೇ ರಾಜ್ಯ ಆಯಿತು. ಈ ನಡುವೆ ಹೊಳೆಗೇ ಅಣೆಕಟ್ಟು ಬಿದ್ದಿತ್ತು. 1945ರಲ್ಲಿ ಹೈದರಾಬಾದು, ಮದ್ರಾಸು ಎರಡೂ ಸರ್ಕಾರಗಳು ಸೇರಿ ಅಡಿಗಲ್ಲು ಹಾಕಿದ ಅಣೆ 1953ರ ಹೊತ್ತಿಗೆ ನೀರು ಹಿಡಿಯಿತು.

ಅಣೆಕಟ್ಟಿನ ಬಗ್ಗೆ ಬರೆಯುವವರು ಎಕರೆ, ಟಿಎಂಸಿ ಲೆಕ್ಕ ಹೇಳುತ್ತಾರೆ. ನಮ್ಮ ಮೆಕ್ಯಾನಿಕ್ ಅಜ್ಜಾರು ಬೇರೆ ಲೆಕ್ಕ ಹೇಳುತ್ತಾರೆ. ಡ್ಯಾಮಿನ ಕೆಲಸಕ್ಕೆ ಎಲ್ಲೆಲ್ಲಿಂದಲೋ ಫಿಟ್ಟರು, ಎಲೆಕ್ಟ್ರಿಷಿಯನ್ನು, ವೆಲ್ಡರು ಬಂದರು. ಮುನಿರಾಬಾದಿನಲ್ಲಿ ಕಾಲೊನಿ ಬೆಳೆಯಿತು. 1960ರ ದಶಕದಲ್ಲಿ ಎಡದಂಡೆಯ ವಿದ್ಯುತ್ ಮನೆ ತಿರುಗಿತು. ಕರೆಂಟು ಹುಟ್ಟುವ ಜಾಗದ ಮಗ್ಗುಲಿನ ಊರುಗಳಿಗೇ ಅದು ಬರಲು ತಡವಾಯಿತು, ಆ ಮಾತು ಬೇರೆ. ಆದರೆ ಸಾಲ್ಡರಿಂಗ್ ಕಡ್ಡಿ ಹಿಡಿಯಲು ಬರುವ ಕೈಗಳು ಈ ಮೂಲೆಗೆ ಬಂದವು. ಡ್ಯೂಟಿ ಮುಗಿಸಿ ಸಂಜೆ ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲೊನಿಯ ಒಬ್ಬರ ಹತ್ತಿರ ನಮ್ಮ ಅಜ್ಜಾರು ಹುಡುಗನಾಗಿದ್ದಾಗ ಕೂತರು. ಸಂಬಳ ಇಲ್ಲ, ಚಹಾ ತರುವುದು, ತಂತಿ ಸುಲಿಯುವುದು, ನೋಡುವುದು.

ವಾಲ್ವ್ ರೇಡಿಯೊ ಬಗ್ಗೆ ಅವರು ಮಾತಾಡುವಾಗ ನಿಲ್ಲಿಸುವುದು ಕಷ್ಟ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಒಂದು ಕಾಗದ ಅಂಟಿಸಿರುತ್ತಿತ್ತು, ಯಾವ ವಾಲ್ವು ಎಲ್ಲಿ ಎಂಬ ನಕ್ಷೆ. ಸರ್ಕೀಟಿನ ಪೂರ್ತಿ ಚಿತ್ರ ಬೇಕಾದರೆ ಮಾಡೆಲ್ ನಂಬರಿನ ಮೇಲೆ ಪುಸ್ತಕಗಳಲ್ಲಿ ಸಿಗುತ್ತಿತ್ತು. ಮರ್ಫಿ, ಫಿಲಿಪ್ಸ್, ಬುಷ್, ಯಾವುದೇ ಇರಲಿ, ತಯಾರಿಸಿದವನು 'ಇದು ಹೀಗೆ ಕೂಡಿದೆ' ಎಂದು ಬರೆದೇ ಕಳಿಸುತ್ತಿದ್ದ. ವಾಲ್ವು ಸುಟ್ಟರೆ ಬಲ್ಬು ಬದಲಿಸಿದ ಹಾಗೆ ಕಿತ್ತು ಬೇರೆ ಹಾಕುವುದು. 1954ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿದ ಮೇಲೆ ಮಾಲು ಇನ್ನಷ್ಟು ಸಲೀಸಾಯಿತು.

ಪರೀಕ್ಷೆ ಮಾಡುವ ರೀತಿ ಇದು. ರೇಡಿಯೊ ಮೂಕಾದರೆ ಮೊದಲು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಬೇಕು. ಸ್ಪೀಕರು 'ಗುಂಯ್' ಎಂದರೆ ಅಲ್ಲಿಂದ ಮುಂದಿನದೆಲ್ಲ ಗಟ್ಟಿ, ದೋಷ ಹಿಂದಿನ ಅರ್ಧದಲ್ಲಿದೆ. ಸುಮ್ಮನಿದ್ದರೆ ದೋಷ ಮುಂದಿನ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. (ಬಿಚ್ಚಿದ ವಾಲ್ವ್ ಸೆಟ್ಟಿನಲ್ಲಿ 200 ವೋಲ್ಟಿಗೂ ಮೇಲೆ ಕರೆಂಟು ಇರುತ್ತದೆ, ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ.) ನನ್ನ ಲ್ಯಾಪ್‌ಟಾಪಿಗೆ ಅವರು ಯುಎಸ್‌ಬಿ ಕಾರ್ಡ್ ಚುಚ್ಚಿದ್ದು ಇದೇ ಲೆಕ್ಕದ ಮೇಲೆ. ಮನೆಯ ಅರ್ಧ ಭಾಗ ಬಿಟ್ಟು ಬೇರೆ ಬಾಗಿಲಿನಿಂದ ಹಾಡನ್ನು ಹೊರಗೆ ತಂದು ನೋಡಿದರು, ಅಷ್ಟೆ.

ಕರೆಂಟಿಲ್ಲದ ಊರುಗಳಿಗೆ ಬ್ಯಾಟರಿ ಸೆಟ್ಟು. ಅದಕ್ಕೆ 90 ವೋಲ್ಟಿನ, ಇಟ್ಟಿಗೆಗಿಂತ ದಪ್ಪನೆಯ ಡ್ರೈ ಬ್ಯಾಟರಿ ಬೇಕು. ಸರ್ಕಾರ ಹಳ್ಳಿಗಳಿಗೆ ಸಮುದಾಯ ರೇಡಿಯೊ ಕೊಟ್ಟಾಗ ಎಲ್ಲ ಕಡೆ ತಲೆನೋವಾದದ್ದು ಇದೇ. ಸೆಟ್ಟು ಹಂಚುವುದು ಒಂದು ದಿನದ ಸಮಾರಂಭ, ಅದನ್ನು ಮಾತಾಡಿಸುತ್ತ ಇರಿಸುವುದು ವರ್ಷಗಟ್ಟಲೆ ಕೆಲಸ. ಬ್ಯಾಟರಿ ಮುಗಿದರೆ ಬರೆದು ಹಾಕಬೇಕು, ಕೆಟ್ಟರೆ ಜಿಲ್ಲಾ ಕೇಂದ್ರದಿಂದ ಮೆಕ್ಯಾನಿಕ್ ಬರಬೇಕು. ಅವನು ಬರುವವರೆಗೆ ಪೆಟ್ಟಿಗೆ ಚಾವಡಿಯ ಕಪಾಟಿನಲ್ಲಿ.

ಸರ್ಕಾರಕ್ಕೆ ರೇಡಿಯೊ ಇನ್ನೊಂದು ಕಾರಣಕ್ಕೂ ನೆನಪಿರುತ್ತಿತ್ತು, ಲೈಸೆನ್ಸು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ರೇಡಿಯೊ ಇಟ್ಟುಕೊಳ್ಳಲು ಪರವಾನಗಿ ಬೇಕು. ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಬೇಕು. 1980ರ ದಶಕದ ನಡುವೆ ಅದು ರದ್ದಾಗುವವರೆಗೂ ಇನ್‌ಸ್ಪೆಕ್ಟರ್ ಬಂದರೆಂದರೆ ಟ್ರಾನ್ಸಿಸ್ಟರು ಜೋಳದ ಚೀಲದೊಳಗೆ ಹೋಗುತ್ತಿತ್ತು ಎಂದು ನಮ್ಮ ಮನೆಯ ಹಿರಿಯರೂ ಹೇಳುತ್ತಿದ್ದರು. ಕೇಳಲು ಕಾಗದ ಬೇಕಿತ್ತು, ರಿಪೇರಿಗೆ ಯಾವ ಕಾಗದವೂ ಬೇಕಿರಲಿಲ್ಲ. ಈಗ ತಿರುಗಿಬಿದ್ದಿದೆ.

ರಿಪೇರಿಯನ್ನೂ ಯೋಜನೆಯೊಳಗೇ ಸೇರಿಸಿಕೊಂಡು ಯಂತ್ರ ಹಳ್ಳಿಗೆ ಬಂದ ಒಂದು ಉದಾಹರಣೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್', ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ತೋರಿಸಿದ ಪ್ರಯೋಗ. ಅಮೆರಿಕದ ನಾಸಾ ಒಂದು ವರ್ಷಕ್ಕೆ ಎಟಿಎಸ್-6 ಉಪಗ್ರಹ ಕೊಟ್ಟಿತು, ನೆಲದ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದಿಂದ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರಿನ ತಾಲೂಕು. ಬೆಂಗಳೂರು ಪೇಟೆಯಲ್ಲೇ ಟಿವಿ ಇಲ್ಲದ ಕಾಲಕ್ಕೆ ರಾಯಚೂರು ಜಿಲ್ಲೆಯ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕೂತು ಟಿವಿ ನೋಡಿದರು! ಅಜ್ಜಾರು ರಾಯಚೂರು ಕಡೆಯ ಬೀಗರ ಊರಿನಲ್ಲಿ ಅದನ್ನು ನೋಡಿದ್ದಾರೆ. ಅವರ ಮಾತಿನಲ್ಲಿ, 'ಕೋಳಿ ಬಲಿ ಹೊಲದು ಛತ್ರಿ ಮಾಡಿ ಮ್ಯಾಲ ಇಟ್ಟಿದ್ರು.' ಸರಿಯಾಗೇ ಹೇಳಿದರು. ತಂತಿ ಬಲೆಯ, ಸುಮಾರು 3 ಮೀಟರ್ ಅಗಲದ ಆಂಟೆನಾ ಅದು. ಟಿವಿ ಸೆಟ್ಟು ಹೈದರಾಬಾದಿನ ಇಸಿಐಎಲ್ ಮಾಡಿದ್ದು.

ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಎರಡು ಸಂಗತಿ. ಒಂದು ದನಿಯದು. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ದನಿ ಕಳಿಸುತ್ತಿತ್ತು, ಒಂದೇ ಚಿತ್ರವನ್ನು ತೆಲುಗಿನವರು ತೆಲುಗಿನಲ್ಲಿ, ನಾವು ಕನ್ನಡದಲ್ಲಿ ಕೇಳಲು ಆಗುವಂತೆ. ಇನ್ನೊಂದು ರಿಪೇರಿಯದು. ಹಳ್ಳಿಯ ಸೆಟ್ಟು ಕೆಟ್ಟರೆ ಅದನ್ನು ಹೊತ್ತು ತನ್ನಿ ಎನ್ನಲಿಲ್ಲ. ಆಯಾ ಪ್ರದೇಶದಲ್ಲೇ ನಿರ್ವಹಣಾ ಕೇಂದ್ರಗಳನ್ನು ತೆರೆದು ತಂತ್ರಜ್ಞರನ್ನು, ಜೀಪನ್ನು, ಬಿಡಿಭಾಗಗಳನ್ನು ಇಟ್ಟರು. ಕರಿಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲೂ ಜೀಪೇ ಹೋಗಬೇಕು. ಮುಕ್ಕಾಲು ಪಾಲಿಗಿಂತ ಹೆಚ್ಚು ಸೆಟ್ಟುಗಳು ವರ್ಷವಿಡೀ ಮಾತಾಡುತ್ತ ಇದ್ದದ್ದು ಇದರಿಂದ. ಸೈಟ್ ಎಂದರೆ ಎಲ್ಲರೂ ಉಪಗ್ರಹವನ್ನು ಹೊಗಳುತ್ತಾರೆ, ನಾನಾದರೆ ಜೀಪಿಗೆ ಒಂದು ತೆಂಗಿನಕಾಯಿ ಒಡೆಯುತ್ತೇನೆ.

ವರ್ಷ ಮುಗಿಯಿತು, ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಟ್ರಾನ್ಸ್‌ಮೀಟರ್ ಬಂತು. ಅಷ್ಟು ದೂರದಿಂದ ತುಂಗಭದ್ರೆ ದಂಡೆಗೆ ಅದು ಎಟುಕುವಂತಿರಲಿಲ್ಲ.

ಆಮೇಲಿನದು ಟೇಪಿನ ಕಾಲ, ನನ್ನ ಕಣ್ಣಾರೆ ಕಂಡದ್ದು. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು ಹುಲಿಗಿ ಅಂಗಡಿಗಳಿಗೆ ಬರುವಷ್ಟರಲ್ಲಿ ಇಪ್ಪತ್ತು ವರ್ಷವಾದರೂ ಆಗಿತ್ತು. ನಾನು ಚಿಕ್ಕವನಿದ್ದಾಗ ಗುಡಿಗೆ ಬಂದವರು ಕುಂಕುಮ, ಭಂಡಾರ, ಬಳೆ ಜೊತೆ ಹುಲಿಗೆಮ್ಮನ ಹಾಡಿನ ಕ್ಯಾಸೆಟ್ಟನ್ನೂ ಒಯ್ಯುತ್ತಿದ್ದರು. ಟೇಪ್ ರೆಕಾರ್ಡರಿನ ಕಾಯಿಲೆಗಳು ಮನೆಮಂದಿಗೆಲ್ಲ ಗೊತ್ತಿದ್ದವು. ದನಿ ಎಳೆದರೆ ಬೆಲ್ಟ್ ಸಡಿಲ, ದನಿ ಮಸುಕಾದರೆ ಹೆಡ್ಡಿಗೆ ಕೊಳೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸು. ರೀಲು ಸಿಕ್ಕಿಕೊಂಡರೆ ಪೆನ್ಸಿಲು. ಊರ ಐಟಿಐಗಳಲ್ಲಿ ರೇಡಿಯೊ-ಟಿವಿ ಮೆಕ್ಯಾನಿಕ್ ಎಂಬ ಕೋರ್ಸೇ ಇತ್ತು. ಸಂತೆಗೆ ಬಂದವರು ಬೆಳಿಗ್ಗೆ ಟೇಪು ಕೊಟ್ಟು ಸಂಜೆ ಒಯ್ಯುತ್ತಿದ್ದರು. ಅಜ್ಜಾರ ಅಂಗಡಿ ಅತಿ ಹೆಚ್ಚು ನಡೆದದ್ದು ಆಗ. ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದರು. ಹೊಸ ಟೇಪಿನ ಜೊತೆ ವಾರಂಟಿ ಕಾರ್ಡು ಬರುತ್ತಿತ್ತು, ಅಂಗಡಿಯವನ ಶಿಕ್ಕಾ ಇರುತ್ತಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ, ದೇವರ ಫೋಟೋದ ಹಿಂದೆ ಸಿಗಿಸುತ್ತಿದ್ದರು.

ವಾರಂಟಿ ಎಂಬ ಮಾತಿನದೂ ಒಂದು ಕತೆ. ಇಂಗ್ಲಿಷಿನ ವಾರಂಟು, ವಾರಂಟಿ, ಗ್ಯಾರಂಟಿ ಮೂರೂ ಒಂದೇ ಬೇರಿನವು. ನಮ್ಮಲ್ಲಿ ಮೂರೂ ಬೇರೆ ಬೇರೆ ಬಾಗಿಲಿನಿಂದ ಬಂದವು. ವಾರಂಟು ಪೊಲೀಸರಿಂದ, ವಾರಂಟಿ ಅಂಗಡಿಯಿಂದ. ಗ್ಯಾರಂಟಿ ಎಂದರೆ 2023ರಿಂದ ಈಚೆಗೆ ಸರ್ಕಾರದ ಐದು ಯೋಜನೆ. ಆ ವರ್ಷ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹುಲಿಗಿಯ ಮಂಗಳವಾರ, ಶುಕ್ರವಾರಗಳ ಗದ್ದಲ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾನೂನಿನಲ್ಲಿ ವಾರಂಟಿ 1930ರ ಸರಕು ಮಾರಾಟ ಕಾಯ್ದೆಯಿಂದಲೇ ಇದೆ. ಇದ್ದರೇನು, ಮಾತು ತಪ್ಪಿದವನ ಮೇಲೆ ಸಿವಿಲ್ ಕೋರ್ಟಿಗೆ ಹೋಗಬೇಕು. ಟೇಪ್ ರೆಕಾರ್ಡರಿಗಾಗಿ ಯಾರು ವಕೀಲರ ಮನೆಗೆ ಅಲೆದಾರು? 1986ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದು ಜಿಲ್ಲೆಗೊಂದು ಗ್ರಾಹಕರ ವೇದಿಕೆ ಆದ ಮೇಲೆ ದಾರಿ ಸ್ವಲ್ಪ ಹತ್ತಿರವಾಯಿತು. ಆದರೂ ಕೊಪ್ಪಳ ಬೇರೆ ಜಿಲ್ಲೆಯಾದದ್ದೇ 1990ರ ದಶಕದ ಕೊನೆಗೆ, ಅಲ್ಲಿಯವರೆಗೆ ರಾಯಚೂರೇ ಗತಿ. ಆ ಕಾಯ್ದೆಯಲ್ಲಿ ಇನ್ನೊಂದು ತೊಡಕಿತ್ತು. ಎದುರು ಪಾರ್ಟಿ ಎಲ್ಲಿದ್ದಾನೋ, ಎಲ್ಲಿ ಅವನ ಶಾಖೆ ಇದೆಯೋ, ಅಥವಾ ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿಯೇ ದೂರು ಕೊಡಬೇಕು. ಬೆಂಗಳೂರಿನಲ್ಲಿ ಕೊಂಡು ಹುಲಿಗಿಗೆ ತಂದ ಯಂತ್ರ ಕೆಟ್ಟರೆ ಯಂತ್ರವೂ ಊರು ಬಿಡಬೇಕು, ಯಜಮಾನನೂ ಊರು ಬಿಡಬೇಕು.

ಕಂಪ್ಯೂಟರಿನ ದನಿಗೆ ಬರೋಣ. 1981ರ ಐಬಿಎಂ ಪಿಸಿಗೆ ಇದ್ದದ್ದು 'ಬೀಪ್' ಎನ್ನುವ ಒಂದು ಸಣ್ಣ ಸ್ಪೀಕರು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಕಾರ್ಡ್ ತಂದಿತು. ಕೆಟ್ಟರೆ ಆ ಕಾರ್ಡನ್ನು ಕಿತ್ತು ಬೇರೆ ಹಾಕಬಹುದಿತ್ತು, ವಾಲ್ವಿನ ಹಾಗೆ. 1997ರಲ್ಲಿ ಇಂಟೆಲ್ 'ಎಸಿ 97' ಎಂಬ ಅಳತೆ ನಿಗದಿ ಮಾಡಿದ ಮೇಲೆ ಸೌಂಡು ಮದರ್‌ಬೋರ್ಡಿನ ಮೇಲೆಯೇ ಒಂದು ಚಿಪ್ಪಾಗಿ ಕೂರತೊಡಗಿತು. ತೈವಾನಿನ ರಿಯಲ್‌ಟೆಕ್ ಕಂಪನಿಯ, ಏಡಿಯ ಗುರುತಿನ ಆ ಚಿಪ್ಪು ನಿಮ್ಮ ಯಂತ್ರದೊಳಗೂ ಇರಬಹುದು. 2004ರ ಎಚ್‌ಡಿ ಆಡಿಯೊ ಅಳತೆಯಲ್ಲಿ ಇನ್ನೊಂದು ಜಾಣತನ ಬಂತು. ಇಯರ್‌ಫೋನ್ ತೂತಿನೊಳಗೆ ಏನಾದರೂ ಸೇರಿದೆಯೇ ಎಂಬುದು ಚಿಪ್ಪಿಗೆ ತಿಳಿಯುತ್ತದೆ, ತಿಳಿದ ಕೂಡಲೇ ಡ್ರೈವರು ಸ್ಪೀಕರಿನ ಬಾಯಿ ಮುಚ್ಚಿಸುತ್ತದೆ. ಅದನ್ನು ತಿಳಿಸುವುದು ತೂತಿನೊಳಗಿನ ಒಂದು ಪುಟ್ಟ ತಗಡಿನ ನಾಲಿಗೆ. ಅದು ಸಿಕ್ಕಿಕೊಂಡರೆ ಯಂತ್ರ ಇಲ್ಲದ ಇಯರ್‌ಫೋನಿಗೆ ಹಾಡು ಹೇಳುತ್ತ ಕೂರುತ್ತದೆ.

ನನ್ನದಕ್ಕೆ ಆದದ್ದು ಇದೇ. ಅಜ್ಜಾರು ಮೊಬೈಲಿನ ಟಾರ್ಚು ಬಿಟ್ಟು ತೂತಿನೊಳಗೆ ಇಣುಕಿ ನಕ್ಕರು. 'ತಾಯಿ ಪ್ರಸಾದ ಐತಿ ತಮ್ಮಾ.' ಒಳಗೆ ಹಳದಿ ಪುಡಿ. ಭಂಡಾರ! ಹುಣ್ಣಿಮೆ ದಿನ ಎರಚುವ ಭಂಡಾರ ಚಹಾದಂಗಡಿವರೆಗೂ ಗಾಳಿಯಲ್ಲಿ ಬರುತ್ತದೆ. ಅರಿಸಿನದ ಪುಡಿ, ಎಣ್ಣೆ ಕೈ, ಹೊಳೆ ದಂಡೆಯ ಹಸಿ ಗಾಳಿ ಸೇರಿ ಆ ನಾಲಿಗೆ ಅಂಟಿಕೊಂಡಿತ್ತು. ಯಂತ್ರ ಬಂದ್ ಮಾಡಿ, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಾಲ್ಕು ಸಲ ತಿರುಗಿಸಿದರು. ಒಣಗಲು ಬಿಟ್ಟು ಚಹಾ ತರಿಸಿದರು. ಆನ್ ಮಾಡಿದಾಗ ದನಿ ಬಂತು. ಟೇಪಿನ ಹೆಡ್ಡು ಒರೆಸಿದ ಕೈಯೇ ಅದು.

ಅಂಥ ಲ್ಯಾಪ್‌ಟಾಪು ಅವರಿಗೆ ಹೊಸದೂ ಅಲ್ಲ. ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪು ಹಂಚಿದ ಮೇಲೆ, ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ನಡೆದಾಗ, 'ಮೇಷ್ಟ್ರ ಮುಖ ಕಾಣತೈತಿ, ಮಾತು ಕೇಳವಲ್ದು' ಎಂದು ಹುಡುಗರು ತರುತ್ತಿದ್ದರಂತೆ. ಹೆಚ್ಚಿನವು ಮ್ಯೂಟ್ ಕೀಲಿ ಅಥವಾ ತಪ್ಪು ಔಟ್‌ಪುಟ್ಟು. ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ನನ್ನ ದನಿ ಎಂಟು ದಿನ ಇತ್ತು, ಒಂಬತ್ತನೆಯ ದಿನ ಮತ್ತೆ ಹೋಯಿತು. ನಾಲಿಗೆ ಸೋತಿತ್ತು, ಇನ್ನು ಬಿಚ್ಚಿಯೇ ಬದಲಿಸಬೇಕು. ಸ್ಕ್ರೂ ಮೇಲೆ ಕಂಪನಿಯ ಸ್ಟಿಕರು, ವಾರಂಟಿ ಇನ್ನೂ ಎರಡು ವಾರ ಉಳಿದಿತ್ತು. 'ನಾ ಬಿಚ್ಚಿದ್ರ ನಿನ್ನ ಕಾಗದ ಹರಿತೈತಿ' ಎಂದು ಅಜ್ಜಾರು ಕೈ ಹಿಂದೆ ತೆಗೆದರು. ಮಾಡಲು ಬರುತ್ತಿತ್ತು, ಮಾಡುವಂತಿರಲಿಲ್ಲ. ಯುಎಸ್‌ಬಿ ಕಾರ್ಡನ್ನು ನನಗೆ ಎರವಲು ಕೊಟ್ಟರು. ಮೂರು ರಾತ್ರಿ ಕೂತು ಹನ್ನೊಂದು ದನಿಯನ್ನೂ ಅದರಲ್ಲಿ ಕೇಳಿ ಬರೆದುಕೊಂಡೆ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿ, ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ, ಪಾಸ್‌ವರ್ಡಿಲ್ಲದ ಖಾಲಿ ಪೆಟ್ಟಿಗೆ ಮಾಡಿಕೊಂಡು ಮುನಿರಾಬಾದ್ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ರೈಲು ಹತ್ತಿದೆ.

ಸರ್ವಿಸ್ ಸೆಂಟರಿನವರು ಟಾರ್ಚು ಬಿಟ್ಟು ನೋಡಿದರು. ಉಳಿದ ಚೂರು ಹಳದಿ ಅವರಿಗೂ ಕಂಡಿತು. 'ಹೊರಗಿನ ವಸ್ತು ಸೇರಿದೆ, ವಾರಂಟಿಗೆ ಬರುವುದಿಲ್ಲ. ತೂತು ಬೋರ್ಡಿಗೇ ಬೆಸೆದಿರುತ್ತದೆ, ಮದರ್‌ಬೋರ್ಡೇ ಬದಲಾಗಬೇಕು, 14,600 ರೂಪಾಯಿ.' ಸುಳ್ಳು ಹೇಳಲು ನನಗೆ ಮನಸ್ಸಿರಲಿಲ್ಲ. ಭಂಡಾರ ಹೌದು ಎಂದೆ. ಆದರೆ ಗಾಳಿಯಲ್ಲಿ ಪುಡಿ ಇರುವ ಊರಿನಲ್ಲಿ ವರ್ಷ ತುಂಬುವ ಮೊದಲೇ ಕೆಡುವ ತೂತು ಬಳಸಿದವನ ತಪ್ಪೇ ಎಂದೂ ಕೇಳಿದೆ. ಕೌಂಟರಿನ ಹುಡುಗನಿಗೆ ಉತ್ತರ ಕೊಡುವ ಅಧಿಕಾರ ಇರಲಿಲ್ಲ, ಪಾಪ. ವಾರಂಟಿ ನಿರಾಕರಿಸಿದ ಕಾರಣವನ್ನು ಜಾಬ್ ಶೀಟಿನಲ್ಲಿ ಬರೆದುಕೊಡಿ ಎಂದು ಹಟ ಹಿಡಿದೆ, ಒಂದು ತಾಸಿನ ಮೇಲೆ ಬರೆದುಕೊಟ್ಟ. ನಿಮಗೂ ಇಂಥ ಸಂದರ್ಭ ಬಂದರೆ ಬರೆಸಿಕೊಳ್ಳದೆ ಏಳಬೇಡಿ. ಬಾಯಿಮಾತಿನ 'ಆಗಲ್ಲ' ಯಾವ ಕಡತದಲ್ಲೂ ನಿಲ್ಲುವುದಿಲ್ಲ.

ವಾಪಸು ಬರುವಾಗ ರೈಲಿನಲ್ಲೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಮುಂದಿನ ಹೆಜ್ಜೆಗೆ ಕಾನೂನು ತೆಗೆದು ನೋಡಿದಾಗ ನಮ್ಮ ಕಡೆಯವರು ಸಾಕಷ್ಟು ಗಮನಿಸದ ಒಂದು ಸಾಲು ಸಿಕ್ಕಿತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಗ್ರಾಹಕರ ರಕ್ಷಣಾ ಕಾಯ್ದೆಯ 34ನೇ ಕಲಮು. ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಂಡದ್ದು ಎಲ್ಲಿಯಾದರೂ ಇರಲಿ, ಕಂಪನಿ ಯಾವ ದೇಶದ್ದೇ ಇರಲಿ, ಹುಲಿಗಿಯವನು ಕೊಪ್ಪಳದ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಿಲ್ಲ, ಆನ್‌ಲೈನಿನಲ್ಲೂ ಕೊಡಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. 1975ರಲ್ಲಿ ಜೀಪು ಹಳ್ಳಿಗೆ ಬಂದಿತ್ತು. ಈಗ ಜೀಪು ಬರುವುದಿಲ್ಲ. ಕಂಪನಿಯ ವಕೀಲರಾದರೂ ಬರಬೇಕು.

ಬಿಚ್ಚುವ ಹಕ್ಕಿನದು ಇನ್ನೂ ಅರ್ಧ ದಾರಿ. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕಿ'ಗೆ ಒಂದು ಸಮಿತಿ ಮಾಡಿತು, ಅದೇ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆ ಸಾಮಾನು, ವಾಹನಗಳ ಕಂಪನಿಗಳು ರಿಪೇರಿ ಮಾಹಿತಿ, ಬಿಡಿಭಾಗದ ವಿವರ ಅಲ್ಲಿ ಹಾಕಬೇಕೆಂಬುದು ಆಸೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನ ಮೇಲೆ, ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಹತ್ತಕ್ಕೆ ಅಂಕ ಬರೆದಿರಬೇಕು. ಅಜ್ಜಾರಿಗೆ ಇದನ್ನು ಹೇಳಿದೆ. ಮೇಲಿನ ಹಲಗೆಯಿಂದ ಒಂದು ಮರ್ಫಿ ಇಳಿಸಿ, ಹಿಂದಿನ ಮುಚ್ಚಳ ತೆಗೆದು, ಕಂದಿದ ನಕ್ಷೆ ತೋರಿಸಿದರು. ಮಾತೇನೂ ಆಡಲಿಲ್ಲ.

ಸಹಾಯವಾಣಿಯ ದೂರಿನ ಹನ್ನೆರಡನೇ ದಿನ ಕಂಪನಿಯಿಂದ ಫೋನ್ ಬಂತು. 'ವಿಶೇಷ ಪ್ರಕರಣವೆಂದು' ಪುಕ್ಕಟೆ ಮಾಡಿಕೊಡುತ್ತೇವೆ ಎಂದರು. ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗ ತಪ್ಪಿತು. ಮತ್ತೆ ಹುಬ್ಬಳ್ಳಿ, ಮತ್ತೆ ಆರು ದಿನ. ಕೈಗೆ ಬಂದ ಹೊಸ ಜಾಬ್ ಶೀಟಿನಲ್ಲಿ 'ಸೌಂಡ್ ಇಲ್ಲ, ಬೋರ್ಡ್ ಬದಲಿಸಿದೆ' ಎಂದಷ್ಟೇ ಇತ್ತು, ಭಂಡಾರದ ಸುದ್ದಿ ಎಲ್ಲೂ ಇಲ್ಲ. ಕೂಲಿಯ ವರದಿ ಅಷ್ಟರಲ್ಲಿ ಪ್ರಕಟವಾಗಿತ್ತು, ಹೆಸರಿಲ್ಲದೆ. ಹನ್ನೊಂದರಲ್ಲಿ ಏಳು ಮಂದಿಗೆ ಬಾಕಿ ಬಂದಿದೆ.

ಯುಎಸ್‌ಬಿ ಕಾರ್ಡ್ ವಾಪಸು ಕೊಡಲು ಹೋದಾಗ ಅಜ್ಜಾರು, 'ಹಳೇ ಬೋರ್ಡ್ ಎಲ್ಲಿ ತಮ್ಮಾ?' ಎಂದರು. ಕಂಪನಿಯವರೇ ಇಟ್ಟುಕೊಂಡರು ಎಂದೆ. ಬಿಚ್ಚಿ ನೋಡಬೇಕೆಂದು ಕಾದಿದ್ದರು. ಕಾರ್ಡ್ ನೀನೇ ಇಟ್ಟುಕೋ, ಹುಣ್ಣಿಮೆ ಮತ್ತೆ ಬರುತ್ತದೆ ಎಂದು ಐವತ್ತು ರೂಪಾಯಿ ತೆಗೆದುಕೊಂಡರು. ಈಗ ಗುಡಿ ಕಡೆ ಹೋಗುವ ದಿನ ಆ ತೂತಿಗೆ ಸಣ್ಣ ತುಂಡು ಸೆಲ್ಲೋಟೇಪು ಅಂಟಿಸಿರುತ್ತೇನೆ.